ಅಮ್ಮನ ಮೈಯಲ್ಲಿ ಕರೆಂಟಿಲ್ಲ ಸ್ವಾಮಿ!

ದೆಹಲಿಗೆ ಬಂದು ಇಪ್ಪತ್ತೇಳು ವರ್ಷವಾಯಿತು. ಇಲ್ಲಿನ ಚಳಿಗಾಲದ ‘ಚಟ್’ ನನಗೆ ಹೊಸದಲ್ಲ. ಸ್ವೆಟರ್ ತೆಗೆದರೆ ಚಟಚಟ, ಬಾಗಿಲ ಹಿಡಿ ಮುಟ್ಟಿದರೆ ಚಟ್. ಆದರೆ ಕುಂದಾಪುರದ ಕಡಲ ಗಾಳಿಯಲ್ಲಿ ಎಪ್ಪತ್ತೆಂಟು ವರ್ಷ ಬಾಳಿದ ನನ್ನ ಅಮ್ಮನಿಗೆ ಇದು ಹೊಸದು. ಈ ಸಲ ಮೊದಲ ಬಾರಿ ಚಳಿಯಲ್ಲಿ ಬಂದರು. ಮರಿಮಗಳ ಕೆನ್ನೆ ಸವರಲು ಹೋದಾಗ ಚಟ್ ಎಂದಿತು, ಮಗು ಕಿರುಚಿತು. ಅಂದಿನಿಂದ ಅದು ಓಡಿ ಬಂದರೆ ಅಮ್ಮ ಕೈ ಸೆರಗಿನೊಳಗೆ ಸೇರಿಸಿ "ಹತ್ರ ಬರ್ಬೇಡ ಮಗಾ" ಎನ್ನತೊಡಗಿದರು.

ನಾನು ಬ್ಯಾಂಕಿಗೆ ಹೋಗಿದ್ದಾಗ ಒಬ್ಬ ಮಹಾಶಯ ಮನೆಗೆ ಬಂದ. ನಮ್ಮವನೇ, ಕನ್ನಡದವನು. ಅಮ್ಮನ ಮೈಯಲ್ಲಿ ‘ದೋಷದ ಕರೆಂಟು’ ತುಂಬಿದೆಯಂತೆ, ಅದನ್ನು ಅಯಸ್ಕಾಂತದ ಹಾಸಿಗೆ ಹೀರಿಬಿಡುತ್ತದಂತೆ. 14,500 ರೂಪಾಯಿ! ಊರಿನಿಂದ ತಂದಿದ್ದ ದುಡ್ಡೆಲ್ಲ ಹೋಯಿತು. ಪರಊರಿನಲ್ಲಿ ಒಬ್ಬ ಕನ್ನಡ ಮಾತಾಡಿದರೆ ಸಾಕು, ನಾವು ಬಾಗಿಲನ್ನೂ ತೆಗೆಯುತ್ತೇವೆ, ಪರ್ಸನ್ನೂ ತೆಗೆಯುತ್ತೇವೆ.

ನಾನು ಬಿ.ಕಾಂ. ಓದಿದವನು, ವಿಜ್ಞಾನ ಎಸ್ಸೆಸ್ಸೆಲ್ಸಿಗೇ ಮುಗಿಯಿತು. ಆದರೂ ಇಷ್ಟು ಗೊತ್ತು, ಸುಮ್ಮನೆ ನಿಂತ ವಿದ್ಯುದಾವೇಶವನ್ನು ಅಯಸ್ಕಾಂತ ಎಳೆಯುವುದಿಲ್ಲ. ಮೇಲಾಗಿ ಆ ಹಾಸಿಗೆಯ ಹೊದಿಕೆಯೇ ಪಾಲಿಯೆಸ್ಟರ್! ಎರಡು ರಾತ್ರಿ ಮಲಗಿದ ಮೇಲೆ ಚಟ್ ಇನ್ನೂ ಜೋರಾಯಿತು.

ದೋಷ ಅಮ್ಮನದ್ದಲ್ಲ, ನನ್ನದು. ಅವರಿಗೆ ಚಳಿಯಾದೀತೆಂದು ಹೀಟರ್ ಹಚ್ಚಿದ್ದು ನಾನು. ಹೊರಗೆ ಮಂಜು ಕವಿದಿರುವಾಗ ಒಳಗೆ ಗಾಳಿ ಒಣಗುವುದು ಹೇಗೆ ಅಂತೀರಾ? ನಮ್ಮ ಓವರ್‌ಡ್ರಾಫ್ಟ್ ಇದ್ದಂತೆ ಲೆಕ್ಕ ಹಾಕಿ. ಗಾಳಿಯಲ್ಲಿರುವ ನೀರು ಬಾಕಿ, ಗಾಳಿ ಹಿಡಿಯಬಲ್ಲ ನೀರು ಲಿಮಿಟ್. 8 ಡಿಗ್ರಿಯ ಗಾಳಿಯನ್ನು 24ಕ್ಕೆ ಕಾಯಿಸಿದರೆ ಬಾಕಿ ಅಷ್ಟೇ ಇರುತ್ತದೆ, ಲಿಮಿಟ್ ಎರಡೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಶೇ. 100 ಇದ್ದ ತೇವ ಶೇ. 40ಕ್ಕಿಂತ ಕೆಳಗಿಳಿಯುತ್ತದೆ. ಒಣ ಗಾಳಿಯಲ್ಲಿ ಆವೇಶ ಸೋರಿಹೋಗುವುದಿಲ್ಲ. ಅದರ ಮೇಲೆ ಮಿಂಕ್ ಕಂಬಳಿ ಬೇರೆ. ಹೆಸರು ಮಿಂಕ್, ಒಳಗಿರುವುದು ಪಾಲಿಯೆಸ್ಟರ್. ಅದಕ್ಕೆ ಉಣ್ಣೆಯ ಶಾಲು ಉಜ್ಜಿದರೆ ಇನ್ನೇನಾಗಬೇಕು! ಬೆರಳಿಗೆ ಚಟ್ ಎಂದು ತಿಳಿಯಲು ಸುಮಾರು 3,000 ವೋಲ್ಟ್ ಬೇಕು. ಗಾಬರಿಯಾಗಬೇಡಿ, ವೋಲ್ಟ್ ದೊಡ್ಡದು, ಆವೇಶ ಚಿಟಿಕೆಯಷ್ಟು. ಗೋಡೆಯ ಪ್ಲಗ್ಗಿನ ಶಾಕಿಗೂ ಇದಕ್ಕೂ ಹೋಲಿಕೆಯಿಲ್ಲ.

ಮಾಡಿದ್ದೆಲ್ಲ ಕಡಿಮೆ ಖರ್ಚಿನದು. ಹೀಟರ್ ತಗ್ಗಿಸಿ, ಅದರಿಂದ ದೂರದಲ್ಲಿ ಒದ್ದೆ ಟವೆಲ್‌ಗಳನ್ನು ಹಗ್ಗಕ್ಕೆ ಹರವಿದೆವು. ಕೆಲವು ನೂರು ರೂಪಾಯಿಯ ತೇವಮಾಪಕ ತಂದೆ, ಮುಳ್ಳು 45ರ ಆಸುಪಾಸಿಗೆ ಬಂತು. (60 ದಾಟಿಸಬೇಡಿ, ಗೋಡೆಗೆ ಬೂಷ್ಟು ಹಿಡಿಯುತ್ತದೆ.) ಮಿಂಕ್ ಅಟ್ಟಕ್ಕೆ ಹೋಯಿತು, ಹತ್ತಿಯ ರಜಾಯಿ ಬಂತು. ಸಿಂಥೆಟಿಕ್ ಲಂಗದ ಬದಲು ಹತ್ತಿಯದು, ಅದೂ ಅಮ್ಮ ಊರಿನಿಂದ ತಂದದ್ದೇ. ನಾವೇ ಬೆಚ್ಚಗಿರಲೆಂದು ಬೇರೆ ಕೊಡಿಸಿದ್ದೆವು! ನನ್ನ ಹೆಂಡತಿ ಬಟ್ಟೆಯ ಕೊನೆಯ ನೀರಿಗೆ ಸಾಫ್ಟ್‌ನರ್ ಹಾಕುತ್ತಾಳೆ, ಟವೆಲ್‌ಗೆ ಮಾತ್ರ ಬೇಡ, ನೀರು ಹೀರುವುದಿಲ್ಲ. ಕೈಕಾಲಿಗೆ ಕೊಬ್ಬರಿ ಎಣ್ಣೆ. ಮಗುವನ್ನು ಮುಟ್ಟುವ ಮೊದಲು ಅಮ್ಮ ಕೀಲಿಕೈ ಹಿಡಿದು ಅದರ ತುದಿಯನ್ನು ಕಿಟಕಿಯ ಕಬ್ಬಿಣಕ್ಕೆ ತಾಗಿಸುತ್ತಾರೆ. ಚಟ್ ಏನಿದ್ದರೂ ಅಲ್ಲೇ ಮುಗಿಯುತ್ತದೆ, ಬೆರಳು ಚುರ್ ಎನ್ನುವುದಿಲ್ಲ. ಈಗ ಮಗುವಿಗೆ ಅದೇ ಆಟವಾಗಿದೆ, "ಅಜ್ಜಿ, ಕೀ! ಕೀ!" ಎಂದು ತಾನೇ ತಂದುಕೊಡುತ್ತದೆ.

ಮೊನ್ನೆ ಆ ಮಹಾಶಯ ಫೋನ್ ಮಾಡಿದ್ದ. "ಅಮ್ಮನಿಗೆ ಗುಣವಾಯ್ತಂತೆ, ನಮ್ಮ ಹಾಸಿಗೆ ಹೇಗೆ ಸಾರ್?" ನೋಡಿ ಧೈರ್ಯ! ಹಾಸಿಗೆ ಸುತ್ತಿ ಬಾಲ್ಕನಿಯಲ್ಲಿಟ್ಟಿದೆ, ಭಾನುವಾರ ದುಡ್ಡು ತಂದು ಒಯ್ಯಿರಿ ಎಂದೆ. ರಸೀದಿ ಇದೆಯಾ ಎಂದು ಕೇಳಿದ. ಅವನು ಕೊಟ್ಟಿರಲಿಲ್ಲ. ಆದರೆ ಅಮ್ಮ ತಾರೀಕು, ಹೆಸರು, ಯಾವ ನೋಟು ಎಷ್ಟು ಎಂಬುದನ್ನೆಲ್ಲ ಪಂಚಾಂಗದ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದಾರೆ. ಭಾನುವಾರ ಅದನ್ನೇ ಮುಂದಿಡುತ್ತೇನೆ.