ಎರಡನೆಯ ಕ್ಷೌರದ ಕತ್ತಿ

ಕ್ಷೌರವೆಂಬುದು ಸಾಹಿತ್ಯಪತ್ರಿಕೆಯಲ್ಲಿ ಚರ್ಚಿಸತಕ್ಕ ವಿಷಯವೇ ಎಂದು ಕೆಲವು ವಾಚಕ ಮಹಾಶಯರು ಹುಬ್ಬು ಗಂಟಿಕ್ಕಬಹುದು. ಅಂಥವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಪಕ್ಷಕ್ಕೆ ಮೂರು ಬಾರಿ ಕೇಶ, ಶ್ಮಶ್ರು, ನಖಗಳನ್ನು ತೆಗೆಯಿಸಿಕೊಳ್ಳಬೇಕೆಂದು ವಿಧಿಸಲು ಚರಕಾಚಾರ್ಯನು ನಾಚಲಿಲ್ಲ. ಆತ್ಮಜ್ಞಾನದ ಹಾದಿಯು ಎಷ್ಟು ದುರ್ಗಮವೆಂಬುದನ್ನು ತಿಳಿಸಲು ಕಠೋಪನಿಷತ್ತಿನ ಋಷಿಯು ಕ್ಷುರದ ಧಾರೆಯನ್ನೇ ಉಪಮಾನವಾಗಿ ಆರಿಸಿಕೊಂಡನು. ಆ ಉಪಮಾನವೇ ಸಮುದ್ರವನ್ನು ದಾಟಿ 1944ರಲ್ಲಿ ಸಾಮರ್ಸೆಟ್ ಮಾಮ್ ಎಂಬ ಆಂಗ್ಲ ಗ್ರಂಥಕರ್ತನ ಕಾದಂಬರಿಗೆ ಹೆಸರಾಯಿತು. ಋಷಿಗಳಿಗೂ ವೈದ್ಯರಿಗೂ ಹೀನವೆಂದು ತೋರದ ವಸ್ತುವು ನಮಗೆ ಮಾತ್ರ ಏಕೆ ಹೀನವಾಗಬೇಕು?

ಪ್ರಸ್ತುತ ವಿಷಯಕ್ಕೆ ಬರೋಣ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ, ಈ ಎರಡು ಊರುಗಳ ವಿದ್ಯಾವಂತ ಕುಟುಂಬಗಳ ತರುಣರಲ್ಲಿ ಹಳೆಯ ಮಡಿಸುವ ಕ್ಷೌರದ ಕತ್ತಿಯ ಮೇಲೆ ಈಚೆಗೆ ಹೊಸ ಪ್ರೀತಿ ಹುಟ್ಟಿದೆ. ಇದು ಸ್ವತಃ ದೋಷವಲ್ಲ. ಒಂದು ಸಲಕರಣೆಯನ್ನು ನೂರು ದಿನ ಜೋಪಾನಮಾಡಿ ಬಳಸುವ ಅಭ್ಯಾಸವು ಗುಣವೇ ಸರಿ. ದೋಷವು ಎರಡನೆಯ ಕತ್ತಿಯಿಂದ ಆರಂಭವಾಗುವುದು. ಮೊದಲನೆಯ ಕತ್ತಿಯನ್ನು ಕೊಂಡು ತಿಂಗಳು ತುಂಬುವುದರೊಳಗಾಗಿ ದೂರವಾಣಿಯ ತೆರೆಯ ಮೇಲೆ ಬೆರಳಾಡಿಸಿ ಎರಡನೆಯದನ್ನು ತರಿಸುವರು. ಅದು ಬಂದ ಮೇಲೆ ಮೂರನೆಯದರ ವಿಚಾರ. ಈ ಎರಡನೆಯ ಕತ್ತಿ ಯಾರಿಗೆ, ಏತಕ್ಕೆ, ಎಂಥದು ಎಂಬ ಮೂರು ಪ್ರಶ್ನೆಗಳನ್ನು ಯಾರೂ ಕೇಳುತ್ತಿಲ್ಲವಾದುದರಿಂದ ನಾವು ಕೇಳಬೇಕಾಗಿದೆ.

ಪೂರ್ವಪಕ್ಷದವರ ಮೊದಲನೆಯ ವಾದವು ಹೀಗಿದೆ: "ಮೊದಲನೆಯ ಕತ್ತಿ ಸರಿಯಾಗಿ ಕೊಯ್ಯುವುದಿಲ್ಲ, ಕೆನ್ನೆಯನ್ನು ಕೀಳುವುದು, ಆದಕಾರಣ ಉತ್ತಮವಾದುದೊಂದು ಬೇಕು." ಈ ಹೇತುವು ಅಸಿದ್ಧ. ಕತ್ತಿ ಕೊಯ್ಯದಿರುವುದಕ್ಕೆ ಹತ್ತರಲ್ಲಿ ಒಂಬತ್ತು ಪಾಲು ಕಾರಣವು ಕತ್ತಿಯಲ್ಲ, ಸಾಣೆ. ಅಂಗಡಿಯಿಂದ ಬರುವ ಕತ್ತಿಗಳಲ್ಲಿ ಅನೇಕವು ಕ್ಷೌರಕ್ಕೆ ತಕ್ಕ ಹರಿತವನ್ನು ಪಡೆದು ಬರುವುದೇ ಇಲ್ಲ. ಕತ್ತಿಯ ಬೆನ್ನನ್ನೂ ಬಾಯಿಯನ್ನೂ ಒಮ್ಮೆಗೇ ಕಲ್ಲಿನ ಮೇಲೆ ಚಪ್ಪಟೆಯಾಗಿ ಮಲಗಿಸಿ, ಬಾಯಿ ಮುಂದಾಗಿ ಮಸೆಯಬೇಕು. ಬೆನ್ನಿನ ದಪ್ಪವೇ ಧಾರೆಯ ಕೋನವನ್ನು ನಿಶ್ಚಯಿಸುವುದು. ಇದರಲ್ಲಿ ಮಸೆಯುವವನು ಕೋನವನ್ನು ಊಹಿಸಬೇಕಾದ ಕಷ್ಟವೇ ಇಲ್ಲ. ಹಿಂದಿನ ಕುಶಲಿಗಳು ಆ ಬುದ್ಧಿಯನ್ನು ಕತ್ತಿಯ ಆಕಾರದಲ್ಲಿಯೇ ಅಡಗಿಸಿಟ್ಟಿರುವರು. ಮೊದಲು ಸಾವಿರದ ಅಂಕದ ಒರಟು ಕಲ್ಲು, ಅನಂತರ ನಾಲ್ಕು ಸಾವಿರ, ಕಡೆಗೆ ಎಂಟು ಸಾವಿರದ ನುಣುಪಾದ ಕಲ್ಲು. ಇದಾದ ಮೇಲೆ ತೊಗಲಿನ ಪಟ್ಟೆ. ಪಟ್ಟೆಯ ಮೇಲೆ ಮಾತ್ರ ಕ್ರಮವು ವಿಪರೀತ: ಅಲ್ಲಿ ಬೆನ್ನು ಮುಂದು, ಬಾಯಿ ಹಿಂದು, ತಪ್ಪಿದರೆ ತೊಗಲೂ ಸೀಳುವುದು, ಧಾರೆಯೂ ಕೆಡುವುದು. ಪ್ರತಿದಿನವೂ ಕ್ಷೌರಕ್ಕೆ ಮುಂಚೆ ಇಪ್ಪತ್ತು ಮೂವತ್ತು ಬಾರಿ ಹೀಗೆ ಎಳೆದರೆ ಸಾಕು. ಕಲ್ಲಿನ ಕೆಲಸವು ತಿಂಗಳುಗಳಿಗೊಮ್ಮೆ ಬರುವುದು. ಈ ವಿದ್ಯೆಯನ್ನು ಕಲಿಯದವನಿಗೆ ಎರಡನೆಯ ಕತ್ತಿಯು ಎರಡನೆಯ ಮೊಂಡುಗತ್ತಿಯಾಗುವುದೇ ಹೊರತು ಮತ್ತೇನೂ ಆಗದು. ಕುಣಿಯಲಾರದವನು ನೆಲ ಡೊಂಕೆಂದನೆಂಬ ಗಾದೆಯನ್ನು ನಮ್ಮ ತರುಣರು ಕೇಳಿಲ್ಲವೆ?

ಎರಡನೆಯ ವಾದ: "ಕತ್ತಿಗೆ ವಿಶ್ರಾಂತಿ ಬೇಕು; ಒಂದು ದಿನ ಬಳಸಿದುದನ್ನು ಮರುದಿನ ಬಳಸಬಾರದು." ಇದಕ್ಕೆ ಪ್ರಮಾಣವಾಗಿ, ಇಂಗ್ಲೆಂಡಿನ ಷೆಫೀಲ್ಡು ಮತ್ತು ಜರ್ಮನಿಯ ಜೋಲಿಂಗೆನ್ ಪಟ್ಟಣಗಳಿಂದ ಹಿಂದೆ ಬರುತ್ತಿದ್ದ ಏಳು ಕತ್ತಿಗಳ ಪೆಟ್ಟಿಗೆಯನ್ನು ತೋರಿಸುವರು, ಅದರಲ್ಲಿ ಒಂದೊಂದು ಕತ್ತಿಯ ಮೇಲೂ ಒಂದೊಂದು ವಾರದ ಹೆಸರು. ಸಿರಿವಂತರ ಆ ಪೆಟ್ಟಿಗೆಯು ಸಂಪತ್ತಿಗೆ ಪ್ರಮಾಣ, ಅವಶ್ಯಕತೆಗೆ ಪ್ರಮಾಣವಲ್ಲ. ವಿಶ್ರಾಂತಿಯಿಂದ ಉಕ್ಕು ತಾನಾಗಿ ಹರಿತವಾಗದು. ಈ ನಂಬಿಕೆಯಲ್ಲಿ ಸತ್ಯಾಂಶವೊಂದುಂಟು: ತೇವವನ್ನು ಆರಗೊಡದೆ ಕತ್ತಿಯನ್ನು ಹಿಡಿಯೊಳಗೆ ಮಡಿಸಿಟ್ಟರೆ ಬಾಯಿಯ ತೆಳುವಾದ ಅಂಚನ್ನು ತುಕ್ಕು ತಿನ್ನುವುದು. ಕಪಿಲೆಯ ದಡದ ಮನೆಗಳಲ್ಲಿ ಮಳೆಗಾಲದ ತೇವವು ಹೇಗಿರುವುದೆಂಬುದನ್ನು ಹೇಳಬೇಕಾದುದೇ ಇಲ್ಲ. ಅದಕ್ಕೆ ಪರಿಹಾರವು ಒಂದು ಒಣಬಟ್ಟೆ ಮತ್ತು ಹೊಲಿಗೆಯಂತ್ರದ ಎಣ್ಣೆಯ ಒಂದು ತೊಟ್ಟು. ಒಣಬಟ್ಟೆಯಿಂದಾಗುವ ಕೆಲಸಕ್ಕೆ ಸಾವಿರಾರು ರೂಪಾಯಿಗಳ ಕತ್ತಿಯನ್ನು ತರಿಸುವುದು ಯಾವ ಶಾಸ್ತ್ರ?

ಮೂರನೆಯವರು ಹೆಸರಿನ ಉಪಾಸಕರು. ಕತ್ತಿಯ ಬುಡದಲ್ಲಿ ಹೊರದೇಶದ ಊರಿನ ಹೆಸರು ಕೆತ್ತಿದ್ದರೆ ಅದು ಶ್ರೇಷ್ಠ, ಇಲ್ಲದಿದ್ದರೆ ತ್ಯಾಜ್ಯ ಎಂಬುದು ಇವರ ಮತ. ಇವರು ಸ್ವಲ್ಪ ಇತಿಹಾಸವನ್ನು ಓದತಕ್ಕದ್ದು. ಯೂರೋಪಿನವರು 'ವೂಟ್ಸ್' ಎಂದು ಕರೆದ ಉಕ್ಕು ದಕ್ಷಿಣ ಭಾರತದ ಮೂಸೆಗಳಲ್ಲಿ ಕರಗಿದುದು. ಆ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಹುಟ್ಟಿತೆಂದು ಅನೇಕ ವಿದ್ವಾಂಸರು ಹೇಳುವರು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಉಕ್ಕನ್ನು ಮಾಡುತ್ತಿದ್ದ ಬಗೆಯನ್ನು ಬರೆದಿಟ್ಟಿರುವನು. ಲಂಡನ್ ನಗರದಲ್ಲಿ ಜೇಮ್ಸ್ ಸ್ಟೋಡಾರ್ಟನೆಂಬ ಪ್ರಸಿದ್ಧ ಕತ್ತಿಗಾರನು ತನ್ನ ಅಂಗಡಿಯ ಜಾಹೀರಾತಿನಲ್ಲಿಯೇ, ತಾನು ವೂಟ್ಸ್ ಉಕ್ಕಿನಿಂದ ಶಸ್ತ್ರವೈದ್ಯರ ಸಲಕರಣೆಗಳನ್ನೂ ಕ್ಷೌರದ ಕತ್ತಿಗಳನ್ನೂ ಮಾಡುವುದಾಗಿಯೂ, ಯೂರೋಪಿನ ಅತ್ಯುತ್ತಮವಾದ ಉಕ್ಕಿಗಿಂತ ಅದೇ ತನಗೆ ಮೆಚ್ಚಿಗೆಯೆಂದೂ ಸಾರಿಕೊಂಡಿದ್ದನು. ಅವನೊಡನೆಯೇ ಮೈಕೇಲ್ ಫ್ಯಾರಡೆಯು 1820 ಮತ್ತು 1822ರಲ್ಲಿ ಉಕ್ಕಿನ ಮಿಶ್ರಲೋಹಗಳ ಮೇಲಣ ಪ್ರಬಂಧಗಳನ್ನು ಪ್ರಕಟಿಸಿದನು. ನಮ್ಮ ಮೂಸೆಗಳು ಆರಿಹೋದುದು ವಿಷಾದಕರ. ಷೆಫೀಲ್ಡಿನವರ ನೈಪುಣ್ಯವು ಸತ್ಯ. ಈ ವೃತ್ತಾಂತವನ್ನು ಸ್ವದೇಶದ ಬಡಾಯಿಗಾಗಿ ಹೇಳುತ್ತಿಲ್ಲ. ಬಲ್ಲವನಾದ ಸ್ಟೋಡಾರ್ಟನು ಉಕ್ಕನ್ನು ಪರೀಕ್ಷಿಸಿ ಆರಿಸಿದನು, ಊರಿನ ಹೆಸರನ್ನು ನೋಡಿ ಆರಿಸಲಿಲ್ಲ ಎಂಬುದಷ್ಟೇ ಇಲ್ಲಿ ನಮಗೆ ಬೇಕಾದ ನೀತಿ.

ಹಾಗಾದರೆ ಎರಡನೆಯ ಕತ್ತಿಯು ಎಂದಿಗೂ ಬೇಡವೆ? ಬೇಕು, ಎರಡು ಕಾರಣಗಳಿಗೆ ಮಾತ್ರ ಬೇಕು. ಒಂದು, ಮೊದಲನೆಯದು ಸಾಣೆಗೆ ಹೋದಾಗ ಕೆಲಸ ನಿಲ್ಲದಿರುವುದಕ್ಕೆ. ಮತ್ತೊಂದು, ಮನೆಯಲ್ಲಿ ಕ್ಷೌರ ಮಾಡಿಕೊಳ್ಳುವವರು ಇಬ್ಬರಾದಾಗ. ಎರಡನೆಯ ಕಾರಣವೇ ಗುರುತರವಾದುದು. "ತಾತನ ಕತ್ತಿ, ತಂದೆಯ ಕತ್ತಿ, ಮಗನಿಗೂ ಅದೇ" ಎಂದು ಹೆಮ್ಮೆಪಡುವ ಮನೆಗಳುಂಟು. ತಾತನು ಕಾಲವಾದ ಮೇಲೆ ಅವನ ಕತ್ತಿಯನ್ನು ಶುದ್ಧಿಮಾಡಿ, ಸಾಣೆ ಹಿಡಿಯಿಸಿ ಮೊಮ್ಮಗನು ಬಳಸುವುದು ಶ್ಲಾಘ್ಯ. ತಂದೆಮಕ್ಕಳಿಬ್ಬರೂ ಒಂದೇ ಬೆಳಗ್ಗೆ ಒಂದೇ ಕತ್ತಿಯನ್ನು ಬಳಸುವುದು ಮಿತವ್ಯಯವಲ್ಲ, ಅವಿವೇಕ. ಕಣ್ಣಿಗೆ ಕಾಣದ ಗಾಯದಿಂದಲೂ ರಕ್ತವು ಅಲಗಿಗೆ ಅಂಟುವುದು. ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ಎಂಬ ರೋಗದ ವೈರಾಣುವು ಶರೀರದ ಹೊರಗೆ ಕನಿಷ್ಠ ಏಳು ದಿನಗಳವರೆಗೆ ಸೋಂಕಿಸುವ ಶಕ್ತಿಯನ್ನು ಉಳಿಸಿಕೊಂಡಿರಬಲ್ಲುದೆಂದು ವೈದ್ಯಶಾಸ್ತ್ರವು ನಿಶ್ಚಯಿಸಿದೆ. ಇದಕ್ಕೆ ಲಸಿಕೆಯುಂಟು, ಹಾಕಿಸಿಕೊಳ್ಳತಕ್ಕದ್ದು. ಆದರೆ ರಕ್ತದ ಮೂಲಕ ಹರಡುವ ರೋಗವು ಇದೊಂದೇ ಅಲ್ಲ. ನೀರಿನಲ್ಲಿ ಅದ್ದಿ ಒರೆಸಿದ ಮಾತ್ರಕ್ಕೆ ಕತ್ತಿ ಶುದ್ಧವಾಯಿತೆಂದು ತಿಳಿಯುವುದು ಭ್ರಾಂತಿ. ಶ್ರೀಕಂಠೇಶ್ವರನ ಸನ್ನಿಧಿಗೆ ಮಕ್ಕಳ ಮುಡಿ ಕೊಡಿಸಲು ಬರುವ ತಾಯಿತಂದೆಗಳೂ ಇದನ್ನು ಮನಸ್ಸಿಗೆ ತಂದುಕೊಳ್ಳಲಿ. ಕಣ್ಣೆದುರಿಗೆ ಹೊಸ ಬ್ಲೇಡನ್ನು ಹಾಕಿಸಿ ಮುಡಿ ತೆಗೆಯಿಸುವುದರಿಂದ ಹರಕೆಗೆ ಯಾವ ನ್ಯೂನತೆಯೂ ಬಾರದು. ಚೌಲಸಂಸ್ಕಾರದಲ್ಲಿ, ಮಗುವನ್ನು ಹಿಂಸಿಸಬೇಡವೆಂದು ಕ್ಷುರವನ್ನೇ ಪ್ರಾರ್ಥಿಸುವ ಮಂತ್ರವುಂಟಷ್ಟೆ. ಮಂತ್ರದ ಅರ್ಥವನ್ನು ನಡೆಸಿಕೊಡುವ ಹೊಣೆ ನಮ್ಮದು.

ಇನ್ನು ಎಂಥ ಕತ್ತಿಯನ್ನು ಆರಿಸಬೇಕೆಂಬ ವಿಚಾರ. ಅಲಗಿನ ಅಗಲವನ್ನು ಅಂಗುಲದ ಎಂಟನೆಯ ಭಾಗಗಳಲ್ಲಿ ಅಳೆಯುವರು. ಐದು ಅಥವಾ ಆರು ಭಾಗಗಳ ಅಗಲವು ಸಾಮಾನ್ಯರಿಗೆ ಯೋಗ್ಯ. ಎರಡು ಪಕ್ಕಗಳಲ್ಲಿಯೂ ಬಹಳ ಆಳವಾಗಿ ಕುಳಿ ತೆಗೆದ ಅಲಗು ಹಗುರ, ಆದರೆ ನಾಜೂಕು; ಬೆಣೆಯಾಕಾರದ ದಪ್ಪ ಅಲಗು ಬಿರುಸಾದ ಗಡ್ಡಕ್ಕೆ ಒಳ್ಳೆಯದು, ಆದರೆ ಮಸೆಯಲು ಶ್ರಮ. ಇವೆರಡರ ನಡುವಿನ ಅರೆಗುಳಿಯ ಅಲಗನ್ನು ಆರಿಸುವುದು ಲೇಸು. ಮೊದಲನೆಯ ಕತ್ತಿಯು ಒಂದು ಬಗೆಯದಾಗಿದ್ದರೆ ಎರಡನೆಯದು ಇನ್ನೊಂದು ಬಗೆಯದಾಗಿರಲೆಂಬುದು ಯುಕ್ತವಾದ ಆಸೆಯೇ. ಮೂತಿಯು ದುಂಡಾಗಿರಲಿ, ಚೌಕವಾದ ಮೂತಿಯು ಕಿವಿಯ ಬಳಿ ಅನನುಭವಿಯ ರಕ್ತವನ್ನು ಕೇಳುವುದು. ತುಕ್ಕು ಹಿಡಿಯದ ಉಕ್ಕು ತೇವದ ಊರಿಗೆ ಅನುಕೂಲ. ಸಾಧಾರಣ ಇಂಗಾಲದ ಉಕ್ಕು ಮಸೆಯಲು ಸುಲಭ. ಹಳೆಯದನ್ನು ಕೊಳ್ಳುವುದಾದರೆ ನಾಲ್ಕನ್ನು ನೋಡಿರಿ: ಬಾಯಿಯಲ್ಲಿ ಬಿರುಕಿರಬಾರದು, ಅಂಚಿನ ಬಳಿ ತುಕ್ಕಿನ ಕುಳಿಗಳಿರಬಾರದು, ಬಾಯಿಯ ಗೆರೆಯು ಒಳಕ್ಕೆ ಬಾಗಿರಬಾರದು, ಬೆನ್ನು ಒಂದೇ ಕಡೆ ಸವೆದಿರಬಾರದು. ಹಿಡಿಯು ದಂತದಂತೆ ಹೊಳೆಯುವುದೋ ಕೊಂಬಿನಂತೆ ಕಪ್ಪೋ ಎಂಬುದು ಕಡೆಯ ವಿಚಾರ. ನಮ್ಮ ತರುಣರು ಅಲ್ಲಿಂದಲೇ ಆರಂಭಿಸುವರು!

"ಹತ್ತಾರು ರೂಪಾಯಿಗಳಿಗೆ ಬ್ಲೇಡುಗಳು ಸಿಕ್ಕುವಾಗ ಈ ರಗಳೆಯೇ ಏತಕ್ಕೆ?" ಎಂದು ಕೇಳುವವರೂ ಇರುವರು. ಅಮೆರಿಕದ ಜಿಲೆಟ್ಟನು 1903ರಲ್ಲಿ ತನ್ನ ಹೊಸ ಕ್ಷೌರಯಂತ್ರವನ್ನು ಮಾರಾಟಕ್ಕಿಟ್ಟಾಗ ಆ ವರ್ಷ ಖರ್ಚಾದುದು 51 ಯಂತ್ರಗಳು ಮತ್ತು 168 ಬ್ಲೇಡುಗಳು. ಈಗಲಾದರೋ ಲೋಕವೆಲ್ಲವೂ ಆ ಮಾರ್ಗವನ್ನೇ ಹಿಡಿದಿದೆ. ಅದರಲ್ಲಿ ಸೌಕರ್ಯವುಂಟು, ಶುಚಿತ್ವವೂ ಉಂಟು. ಅದನ್ನು ಬಳಸುವವರೊಡನೆ ನಮಗೆ ಕಲಹವಿಲ್ಲ. ಆದರೆ ಎಸೆಯುವ ಚಟವನ್ನು ತಪ್ಪಿಸಲೆಂದು ಕತ್ತಿಯನ್ನು ಹಿಡಿದವರು, ಎಸೆಯುವ ಬದಲು ಕೂಡಿಡುವ ಚಟಕ್ಕೆ ಬಿದ್ದರೆ ಲಾಭವೇನು? ಒಂದು ಕತ್ತಿಯಿಂದ ಒಂದು ಆಯುಷ್ಯವೆಂಬ ಸಂಕಲ್ಪವು ಕಪಾಟಿನ ತುಂಬ ಕತ್ತಿಗಳಾಗಿ ಪರಿಣಮಿಸುವುದು ಪರಿಹಾಸಾಸ್ಪದವಲ್ಲವೆ?

ಇದುವರೆಗೆ ಹೇಳಿದುದು ಹಣದ ಮಾತು, ಆರೋಗ್ಯದ ಮಾತು. ನಮ್ಮನ್ನು ಈ ಲೇಖನಕ್ಕೆ ಪ್ರೇರಿಸಿದುದು ಇವೆರಡಕ್ಕಿಂತಲೂ ಕಟುವಾದ ಇನ್ನೊಂದು ಸಂಗತಿ. ಹೊರದೇಶದ ಕತ್ತಿಯನ್ನು ರೇಷ್ಮೆಯ ಬಟ್ಟೆಯಲ್ಲಿಟ್ಟು 'ಕಲೆ', 'ಪರಂಪರೆ' ಎಂದು ಕೊಂಡಾಡುವ ನಾಲಗೆಯೇ, ಅದೇ ಕಲೆಯಿಂದ ಜೀವಿಸುವ ನಮ್ಮೂರಿನವರನ್ನು ಜಾತಿಯ ಹೆಸರಿನ ಬೈಗುಳದಿಂದ ಕರೆಯುವುದನ್ನು ನಾವು ಇಂದಿಗೂ ಕೇಳುತ್ತಿದ್ದೇವೆ. ತನಗಿಂತ ಇಪ್ಪತ್ತು ವರ್ಷ ಹಿರಿಯರಾದವರನ್ನು "ಬಾರೋ, ಹೋಗೋ" ಎನ್ನುವರು! ಕತ್ತಿಗೆ ಪೂಜೆ, ಕತ್ತಿಯನ್ನು ಹಿಡಿದ ಕೈಗೆ ಏಕವಚನ. ಸವಿತಾ ಸಮಾಜದವರು ಆ ಬೈಗುಳವನ್ನು ಬಿಡಿರೆಂದು ಬಹುಕಾಲದಿಂದ ಕೇಳುತ್ತಿದ್ದಾರೆ. ಅವರು ಕೇಳಬೇಕಾಗಿ ಬಂದುದೇ ನಮಗೆ ಲಜ್ಜಾಸ್ಪದ. ಸಂಸ್ಕೃತ ನಿಘಂಟನ್ನು ತೆರೆದರೆ ಅಮರಸಿಂಹನು ಅವರಿಗೆ ದಿವಾಕೀರ್ತಿ ಎಂಬ ಹೆಸರನ್ನೂ ಕೊಟ್ಟಿರುವುದು ಕಾಣುವುದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹಡಪದ ಅಪ್ಪಣ್ಣನು ಬಸವಣ್ಣನವರ ಆಪ್ತನಾಗಿದ್ದನು. ನಮ್ಮ ದೇವಾಲಯಗಳ ಉತ್ಸವಗಳಲ್ಲಿ ನಾಗಸ್ವರವನ್ನು ಊದಿ, ಡೋಲನ್ನು ಬಾರಿಸಿ ದೇವರನ್ನು ಬೀದಿಗೆ ಕರೆತಂದವರಲ್ಲಿ ಈ ಕುಲದವರು ಬಹಳ ಮಂದಿ. ಮದುವೆಗೆ ಅವರ ಓಲಗವು ಮಂಗಳ, ಮರುದಿನ ಅವರ ಮುಖದರ್ಶನವು ಅಮಂಗಳವೆಂದು ನಡೆದುಕೊಂಡ ಹಿರಿಯರ ನಡತೆಗೆ ಯಾವ ಶ್ರುತಿಯನ್ನು ಪ್ರಮಾಣವಾಗಿ ಕೊಡುವಿರಿ?

ಆದಕಾರಣ ನಮ್ಮ ಸಿದ್ಧಾಂತವಿದು. ಎರಡನೆಯ ಕತ್ತಿಯನ್ನು ಕೊಳ್ಳುವುದಕ್ಕೆ ಮೊದಲು ಮೊದಲನೆಯದನ್ನು ಮಸೆಯಲು ಕಲಿಯಿರಿ. ಕಲಿಯುವುದಕ್ಕೆ ತೆರೆಯ ಮೇಲಣ ಬೊಂಬೆಯಾಟವನ್ನು ನೋಡುವುದಕ್ಕಿಂತ, ಸಾಣೆಯನ್ನು ಬಲ್ಲ ಹಿರಿಯರೊಬ್ಬರು ಊರಿನ ಕ್ಷೌರದ ಅಂಗಡಿಯಲ್ಲಿ ದೊರೆತರೆ ಅವರಲ್ಲಿಗೆ ಹೋಗಿ, "ಸ್ವಾಮಿ, ನನಗೆ ತೋರಿಸಿಕೊಡಿರಿ" ಎಂದು ಕೇಳಿರಿ. ಬಿಡುವನ್ನು ನೋಡಿಕೊಂಡು ಹೋಗಿರಿ. ವೀಣೆಯ ಮೇಷ್ಟರಿಗೆ ಕೊಡುವಂತೆ ಗುರುದಕ್ಷಿಣೆಯನ್ನು ಕೊಡಿರಿ. ಇಂದು ಅವರಲ್ಲಿ ಬಹುಮಂದಿ ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿಯನ್ನೇ ಬಳಸುವರು, ಅದು ಆರೋಗ್ಯದೃಷ್ಟಿಯಿಂದ ಸರಿಯೂ ಹೌದು. ಆದುದರಿಂದಲೇ ಕಲ್ಲಿನ ವಿದ್ಯೆಯನ್ನು ಬಲ್ಲ ಕೈಗಳು ದಿನೇ ದಿನೇ ಕಡಮೆಯಾಗುತ್ತಿರುವುವು. ಆ ವಿದ್ಯೆಯು ಉಳಿಯಬೇಕಾದರೆ ಅದನ್ನು ಕೇಳಿ ಕಲಿಯುವ ಶಿಷ್ಯರು ಬೇಕು. ಕಪಿಲೆ ಕಾವೇರಿಗಳು ಕೂಡುವ ತಿರುಮಕೂಡಲಿನಲ್ಲಿ 1989ರಿಂದ ಕುಂಭಮೇಳವೂ ನಡೆಯುತ್ತ ಬಂದಿದೆ. ಅಲ್ಲಿ ಮುಳುಗಿ ಎದ್ದರೆ ಪಾಪವು ಹೋಗುವುದೆಂದು ನಂಬಿರುವ ನಾವು, ನಾಲಗೆಯ ಪಾಪವನ್ನು ಮಾತ್ರ ಮನೆಗೆ ಹಿಂದಕ್ಕೆ ಹೊತ್ತು ತರಬಾರದು.

ಹೀಗೆ ಕಲಿತ ಮೇಲೂ ಎರಡನೆಯ ಕತ್ತಿ ಬೇಕೆನಿಸಿದರೆ ಕೊಳ್ಳಿರಿ. ಮನೆಯ ಇನ್ನೊಬ್ಬರಿಗಾಗಿ ಕೊಳ್ಳಿರಿ. ಕತ್ತಿಯು ಹರಿತವಾಗಿರಲಿ, ಮಾತು ಮೃದುವಾಗಿರಲಿ. ನಮ್ಮಲ್ಲಿ ಈಗಿರುವುದು ಇದರ ವಿಪರ್ಯಾಸ.