ಕೋವಿ ಹಿಡಿದವರ ಎಡಗಿವಿ

ಕಾಡುಹಂದಿಯ ಮಾತು ಬಂದಾಗಲೆಲ್ಲ ನಮ್ಮ ಪತ್ರಿಕೆಗಳು ಎರಡು ಲೆಕ್ಕಗಳನ್ನು ಮುಂದಿಡುತ್ತವೆ. ಹಂದಿಯಿಂದ ಹಾಳಾದ ಬೆಳೆ ಎಷ್ಟು, ಗುಂಡಿಗೆ ಬಿದ್ದ ಹಂದಿ ಎಷ್ಟು. ಮೂರನೆಯ ಲೆಕ್ಕವೊಂದಿದೆ, ಅದನ್ನು ಬರೆದಿಡುವವರಿಲ್ಲ. ಕೋವಿಯ ಹಿಡಿಗೆ ಕೆನ್ನೆಯೊತ್ತಿ ಗುರಿಯಿಟ್ಟ ಕೃಷಿಕನ ಕಿವಿಯ ಲೆಕ್ಕ ಅದು. ಹಂದಿಯನ್ನು ಕೊಲ್ಲಬೇಕೇ ಬೇಡವೇ ಎಂಬ ವಾದ ನಡೆಯುತ್ತಲೇ ಇರಲಿ. ಕೊಲ್ಲಲು ಅನುಮತಿ ಕೊಟ್ಟ ಮೇಲೆ, ಆ ಕೆಲಸ ಮಾಡುವವನ ಶ್ರವಣಶಕ್ತಿಯನ್ನು ಕಾಯುವುದು ಅನುಮತಿ ಕೊಟ್ಟವರ ಹೊಣೆಯೆಂಬುದು ನನ್ನ ವಾದ.

ಕಾಸರಗೋಡಿನಿಂದಲೇ ಆರಂಭಿಸೋಣ. ಮಂಜೇಶ್ವರ, ಕುಂಬಳೆ, ಮುಳ್ಳೇರಿಯಾ, ಎಣ್ಮಕಜೆಯ ಕನ್ನಡದ ಮನೆಗಳಲ್ಲಿ ಹಂದಿಯ ಉಪಟಳ ದಿನನಿತ್ಯದ ಮಾತು. ಅಡಿಕೆಯ ಸಸಿ, ತೆಂಗಿನ ಸಸಿ, ಬಾಳೆ, ಮರಗೆಣಸು, ಸುವರ್ಣಗೆಡ್ಡೆ ಇವೆಲ್ಲ ಒಂದೇ ಇರುಳಿನಲ್ಲಿ ಬೇರು ಮೇಲಾಗಿ ಬೀಳುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಂದಿಗೆ ರಕ್ಷಣೆ ಕೊಟ್ಟಿದ್ದರೂ, ಬೆಳೆಗೆ ಅಪಾಯವಾದಾಗ ಅದನ್ನು ಕೊಲ್ಲಲು ಅನುಮತಿ ನೀಡುವ ಅಧಿಕಾರವನ್ನು ಹನ್ನೊಂದನೇ ಸೆಕ್ಷನ್ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಕೊಡುತ್ತದೆ. 2022ರಲ್ಲಿ ಕೇರಳ ಸರ್ಕಾರ ಆ ಅಧಿಕಾರವನ್ನು ಪಂಚಾಯತಿನ ಅಂಗಳಕ್ಕೇ ಇಳಿಸಿತು. ಸ್ಥಳೀಯ ಸಂಸ್ಥೆಯ ಅಧ್ಯಕ್ಷರು ಅನುಮತಿ ಕೊಡಬಹುದು, ಪರವಾನಗಿಯುಳ್ಳ ಕೋವಿಯವರು ಹೊಡೆಯಬಹುದು. ವಿಷ, ಸ್ಫೋಟಕ, ವಿದ್ಯುತ್ ಬಳಸಬಾರದು. ಜನರಿಗೆ, ಸಾಕುಪ್ರಾಣಿಗಳಿಗೆ, ಆಸ್ತಿಗೆ ಹಾನಿಯಾಗಬಾರದು. ಸತ್ತ ಹಂದಿಯನ್ನು ಸರಿಯಾಗಿ ವಿಲೇವಾರಿ ಮಾಡಿ ದಾಖಲಿಸಬೇಕು. ಎಲ್ಲವೂ ವಿವೇಕದ ಷರತ್ತುಗಳೇ. ಆದರೆ ಈ ಕುರಿತ ಚರ್ಚೆಯಲ್ಲಿ ಹೊಡೆಯುವವನ ಕಿವಿಯ ಮಾತನ್ನು ಯಾರೂ ಎತ್ತಿದಂತಿಲ್ಲ.

ಹನ್ನೆರಡು ಬೋರಿನ ತೋಟಾ ಕೋವಿಯ ಒಂದು ಈಡು ಹೊಡೆಯುವವನ ಕಿವಿಯ ಬಳಿ ಸುಮಾರು 150ರಿಂದ 165 ಡೆಸಿಬೆಲ್ ಸದ್ದು ಮಾಡುತ್ತದೆ. ಡೆಸಿಬೆಲ್ ಎಂಬುದು ಗುಣಾಕಾರದ ಅಳತೆ. ಹತ್ತು ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. 140ನ್ನು ದಾಟಿದ ಸ್ಫೋಟಸದ್ದು ಒಂದೇ ಏಟಿಗೆ ಒಳಗಿವಿಗೆ ಶಾಶ್ವತ ಹಾನಿ ಮಾಡಬಲ್ಲದೆಂದು ವೈದ್ಯಲೋಕ ಒಪ್ಪಿದೆ. ಜೋರು ಸದ್ದಿಗೆ ಸೆಟೆದು ಕಿವಿಯನ್ನು ಸ್ವಲ್ಪ ಮಟ್ಟಿಗೆ ಕಾಪಾಡುವ ಪುಟ್ಟ ಸ್ನಾಯುವೊಂದು ನಮ್ಮ ನಡುಗಿವಿಯಲ್ಲಿದೆ. ಆದರೆ ಗುಂಡಿನ ಸದ್ದು ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯುವುದರಿಂದ ಸ್ನಾಯು ಎಚ್ಚರಗೊಳ್ಳುವ ಮೊದಲೇ ಪೆಟ್ಟು ಒಳಹೊಕ್ಕಿರುತ್ತದೆ. ಶಂಖದಂತೆ ಸುರುಳಿ ಸುತ್ತಿದ ಒಳಗಿವಿಯಲ್ಲಿ ಹುಟ್ಟುವಾಗ ನಮಗೆ ಸುಮಾರು ಹದಿನೈದು ಸಾವಿರ ರೋಮಕೋಶಗಳಿರುತ್ತವೆ. ಹಕ್ಕಿಗಳಲ್ಲಿ ಅವು ನಾಶವಾದರೂ ಮತ್ತೆ ಹುಟ್ಟುತ್ತವೆ, ಕೋಳಿಗೂ ಆ ಭಾಗ್ಯವುಂಟು. ಮನುಷ್ಯನಿಗೆ ಇಲ್ಲ.

ವರ್ಷಕ್ಕೆ ನಾಲ್ಕಾರು ಈಡಷ್ಟೇ, ಅದಕ್ಕೇನು ಎನ್ನುವವರಿಗೆ ಉತ್ತರ ಮೇಲಿನ ಸಾಲುಗಳಲ್ಲೇ ಇದೆ. ಕಾರ್ಖಾನೆಯ ಸದ್ದು ವರ್ಷಗಟ್ಟಲೆ ಸವೆಸುವುದನ್ನು ಗುಂಡು ಕ್ಷಣದಲ್ಲಿ ಹರಿದುಹಾಕಬಲ್ಲದು.

ಈ ನಷ್ಟ ಎರಡೂ ಕಿವಿಗಳಿಗೆ ಸಮನಾಗಿ ಬರುವುದಿಲ್ಲ. ಬಲಗೈಯವನು ಕೋವಿಯನ್ನು ಬಲಭುಜಕ್ಕೆ ಒತ್ತಿ ಹಿಡಿದಾಗ ಅವನ ಎಡಗಿವಿ ನಳಿಗೆಯ ಬಾಯಿಯತ್ತ ತಿರುಗಿರುತ್ತದೆ. ಬಲಗಿವಿಗೆ ತಲೆಯೇ ಮರೆಯಾಗುತ್ತದೆ. ಹೀಗಾಗಿ ಎಡಗಿವಿ ಮೊದಲು ಕೆಡುತ್ತದೆ, ಹೆಚ್ಚು ಕೆಡುತ್ತದೆ. ಅವನಿಗಿಂತಲೂ ದುರ್ದೈವಿ ಇನ್ನೊಬ್ಬನಿದ್ದಾನೆ. ಟಾರ್ಚು ಹಿಡಿದು ಪಕ್ಕದಲ್ಲೋ ಒಂದು ಹೆಜ್ಜೆ ಮುಂದೋ ನಿಲ್ಲುವ ಆಳು. ಸ್ಫೋಟದ ಸದ್ದು ನಳಿಗೆಯ ಮುಂದಕ್ಕೇ ಹೆಚ್ಚು ಚಿಮ್ಮುವುದರಿಂದ ಗುಂಡು ಹೊಡೆದವನಿಗಿಂತ ಅವನ ಕಿವಿಗೆ ಬೀಳುವ ಹೊಡೆತವೇ ದೊಡ್ಡದು. ಪರವಾನಗಿಯಲ್ಲಿ ಕೋವಿಯೊಡೆಯನ ಹೆಸರಾದರೂ ಇರುತ್ತದೆ, ಟಾರ್ಚಿನವನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ.

ಮೊದಲು ಹೋಗುವುದು ತಾರಸ್ವರಗಳು. ಶ್ರವಣಪರೀಕ್ಷೆಯ ನಕ್ಷೆಯಲ್ಲಿ 4000 ಹರ್ಟ್ಸ್ ಆಸುಪಾಸಿನಲ್ಲಿ ಒಂದು ಹಳ್ಳ ಕಾಣಿಸಿಕೊಳ್ಳುತ್ತದೆ. ಜೀರುಂಡೆ ನಿಂತುಹೋಗುತ್ತದೆ, ಅದರ ಜಾಗದಲ್ಲಿ ತಲೆಯೊಳಗಿನ ಮೊರೆತವೊಂದು ಬಂದು ಕೂರುತ್ತದೆ. ಆಮೇಲೆ ಭಾಷೆ ಸೋರತೊಡಗುತ್ತದೆ. ಎಂ.ಎ. ತರಗತಿಯಲ್ಲಿ ಇಂಗ್ಲಿಷಿನ ಧ್ವನಿಶಾಸ್ತ್ರವನ್ನು ಪರೀಕ್ಷೆಗೆಂದು ಓದಿದಾಗ ನನಗೆ ಹೊಳೆಯದಿದ್ದ ವಿಷಯವಿದು. ಸ್ವರಗಳ ಶಕ್ತಿ ಕೆಳಸ್ಥಾಯಿಯಲ್ಲಿದೆ, ಅವು ಕೇಳುತ್ತಲೇ ಇರುತ್ತವೆ. ಸಕಾರ, ಶಕಾರ, ಚಕಾರ, ತಕಾರಗಳಂಥ ವ್ಯಂಜನಗಳು ದುರ್ಬಲವೂ ಹೌದು, ಮೇಲ್ಸ್ಥಾಯಿಯವೂ ಹೌದು, ಅವು ಜಾರಿಹೋಗುತ್ತವೆ. ಆಗ ‘ಸರಿ’, ‘ಕರಿ’, ‘ತರಿ’, ‘ಪರಿ’ ನಾಲ್ಕೂ ಒಂದೇ ‘ಅರಿ’ಯಾಗುತ್ತವೆ. ಕನ್ನಡ ಸ್ವರಾಂತ ಭಾಷೆಯಾದ್ದರಿಂದ ಮೋಸ ಇನ್ನೂ ನಯವಾಗಿ ನಡೆಯುತ್ತದೆ. ವಾಕ್ಯದ ರಾಗ ಇಡಿಯಾಗಿ ಕಿವಿಗೆ ಬೀಳುತ್ತದೆ, ಆತ ಕೇಳಿಸಿತೆಂದೇ ತಿಳಿಯುತ್ತಾನೆ. ತಪ್ಪು ಉತ್ತರ ಕೊಟ್ಟಾಗ ಸುತ್ತಲಿನವರು ನಗುತ್ತಾರೆ. ಕುರುಡನನ್ನು ಕಂಡು ಮರುಗುವ ನಾವು ಕಿವುಡನನ್ನು ಕಂಡರೆ ಕಿನ್ನರಿಯ ಗಾದೆ ಹೇಳುತ್ತೇವೆ.

ನನಗೆ ಚೆನ್ನಾಗಿ ಪರಿಚಯವಿರುವ ಹಿರಿಯ ಅಡಿಕೆ ಕೃಷಿಕರೊಬ್ಬರ ಮನೆಯಲ್ಲಿ ಇದು ಹಲವು ವರ್ಷ ಬೇರೆ ಹೆಸರಿನಲ್ಲಿ ಬದುಕಿತ್ತು. ಅವರಿಗೆ ಸಿಟ್ಟು ಜಾಸ್ತಿ, ಸೊಸೆಯ ಮಾತಿಗೆ ಉತ್ತರ ಕೊಡುವುದಿಲ್ಲ, ಮೊಮ್ಮಗಳ ಕಡೆ ಗಮನವಿಲ್ಲ ಎಂದು. ಹೆಂಗಸರ ಮತ್ತು ಮಕ್ಕಳ ದನಿ ಹೆಚ್ಚು ಎತ್ತರದ್ದೆಂಬುದೂ ಅವರು ಕೋವಿಯವರೆಂಬುದೂ ಒಟ್ಟಿಗೆ ಯಾರ ತಲೆಗೂ ಹೊಳೆದಿರಲಿಲ್ಲ. ಫೋನಿನಲ್ಲಿ ಮಾತ್ರ ಅವರು ಸೊಗಸಾಗಿ ಮಾತಾಡುತ್ತಿದ್ದರು. ಊರು ಬಿಟ್ಟು ಬಂದಿರುವ ನಮ್ಮಂಥವರು ಇದನ್ನು ವಿಶೇಷವಾಗಿ ಗಮನಿಸಬೇಕು. ಹಳೆಯ ದೂರವಾಣಿ ವ್ಯವಸ್ಥೆ 3400 ಹರ್ಟ್ಸ್ ಮೇಲಿನ ಧ್ವನಿಯನ್ನು ಸಾಗಿಸುತ್ತಲೇ ಇರಲಿಲ್ಲ. ಗುಂಡು ಕಸಿದುಕೊಳ್ಳುವ ಪಟ್ಟಿ ಆರಂಭವಾಗುವುದು ಹೆಚ್ಚುಕಡಿಮೆ ಅಲ್ಲಿಂದಲೇ. ಜೊತೆಗೆ ಮನುಷ್ಯ ತನಗರಿವಿಲ್ಲದೆಯೇ ಫೋನನ್ನು ಒಳ್ಳೆಯ ಕಿವಿಗೆ ಹಿಡಿಯುತ್ತಾನೆ. ವಾರಕ್ಕೊಮ್ಮೆ ಕರೆ ಮಾಡಿ ಕ್ಷೇಮ ವಿಚಾರಿಸುವ ಮಗನಿಗೆ ಅಪ್ಪನ ಕಿವಿ ಪೂರಾ ಸರಿಯಿದೆ ಎನಿಸುತ್ತದೆ. ಮದುವೆಯ ಚಪ್ಪರದಲ್ಲಿ, ಹತ್ತು ಜನ ಒಟ್ಟಿಗೆ ಮಾತಾಡುವಾಗ, ಅದೇ ಅಪ್ಪ ಒಂದು ಮೂಲೆಯ ಕುರ್ಚಿ ಹಿಡಿದು ಸುಮ್ಮನೆ ಕುಳಿತಿರುವುದು ಕಣ್ಣಿಗೆ ಬಿದ್ದಾಗಲೇ ಸಂಶಯ ಬರಬೇಕು.

ಕೊಡಗಿನ ಮಾತನ್ನು ಬಿಡುವಂತಿಲ್ಲ. 1861ರಲ್ಲಿ ಮಾರ್ಕ್ ಕಬ್ಬನ್ನನ ಘೋಷಣೆಯಿಂದ ಕೊಡವರಿಗೆ ದೊರೆತ ಕೋವಿಯ ವಿನಾಯಿತಿ ಇಂದಿಗೂ ನಡೆದುಬಂದಿದೆ. 2019ರಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಕೈಲ್ ಪೊಳ್ದಿನಲ್ಲಿ ಕೋವಿಗೆ ಪೂಜೆ, ತೆಂಗಿನಕಾಯಿಗೆ ಗುರಿ. ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು. ಜನನಕ್ಕೂ ಮರಣಕ್ಕೂ ಗುಂಡು. ಕೋವಿಯ ಹಕ್ಕಿಗಾಗಿ ನ್ಯಾಯಾಲಯದವರೆಗೆ ವಾದವಾಗಿದೆ. ಅದನ್ನು ಹೊರುವವರ ಕಿವಿಯ ಬಗ್ಗೆಯೂ ಅಷ್ಟೇ ಕಾಳಜಿಯ ಮಾತು ಆ ನಾಡಿನಿಂದ ಬಂದರೆ ಉಳಿದ ಕಡೆಯವರು ಕಿವಿಗೊಟ್ಟಾರು. ನಮ್ಮ ಶಿಕಾರಿ ಸಾಹಿತ್ಯ, ಕೆದಂಬಾಡಿ ಜತ್ತಪ್ಪ ರೈಗಳ ನೆನಪುಗಳಿಂದ ಹಿಡಿದು ತೇಜಸ್ವಿಯವರು ಕನ್ನಡಕ್ಕೆ ತಂದ ಆಂಡರ್ಸನ್ ಕಥೆಗಳವರೆಗೆ, ನನಗೆ ಪ್ರಿಯವಾದುದೇ. ಕಾಡಿನ ಸದ್ದುಗಳನ್ನು ಇಷ್ಟು ಕಿವಿಗೊಟ್ಟು ಬರೆದ ಸಾಹಿತ್ಯದಲ್ಲಿ, ಈಡಿನ ಮರುದಿನದ ಕಿವಿಯ ಪ್ರಸ್ತಾಪ ಬಂದದ್ದು ನನ್ನ ನೆನಪಿನಲ್ಲಿಲ್ಲ.

ನಾನಿರುವ ಗನ್ನವರಂ ಕೃಷ್ಣಾ ಬಯಲಿನ ಊರು. ವಿಜಯವಾಡದ ವಿಮಾನ ನಿಲ್ದಾಣ ಇರುವುದು ಇಲ್ಲೇ. ಬಯಲಲ್ಲಿ ಭತ್ತ, ನೂಜಿವೀಡಿನ ಕಡೆಗೆ ನೆಲ ಏರಿದಂತೆ ಮಾವು. ತೆಲುಗು ನಾಡಿನ ಹಳ್ಳಿಗಳಲ್ಲಿ ಹಂದಿ ಬರುವ ಹೊಲಗಳ ಸುತ್ತ ಹಳೆಯ ಸೀರೆಗಳ ಬೇಲಿ ಕಟ್ಟುವುದುಂಟು. ವಿಮಾನ ನಿಲ್ದಾಣದ ಅಂಗಳದಲ್ಲಿ ವಿಮಾನಕ್ಕೆ ಸನ್ನೆ ಮಾಡುವ ನೌಕರನನ್ನು ಪಯಣಿಗರೆಲ್ಲ ಕಿಟಕಿಯಿಂದ ಕಂಡಿರುತ್ತಾರೆ. ಅವನ ಕಿವಿಗಳ ಮೇಲೆ ದಪ್ಪನೆಯ ಇಯರ್‌ಮಫ್ ಇರುತ್ತದೆ. ಅವನ ಕಿವಿಗೆ ಬೀಳುವ ಸದ್ದು ಎಷ್ಟೇ ಕರ್ಕಶವಾದರೂ ಕೋವಿಯ ಈಡಿನ ತುದಿಯನ್ನು ಮುಟ್ಟುವುದಿಲ್ಲ. ಆದರೂ ಅವನಿಗೆ ರಕ್ಷೆಯಿದೆ, ಏಕೆಂದರೆ ಅವನಿಗೊಬ್ಬ ಮಾಲೀಕನಿದ್ದಾನೆ. 1948ರ ಕಾರ್ಖಾನೆ ಕಾಯ್ದೆ ಸದ್ದಿನಿಂದಾಗುವ ಶ್ರವಣನಷ್ಟವನ್ನು ಅಧಿಸೂಚಿತ ರೋಗಗಳ ಪಟ್ಟಿಗೆ ಸೇರಿಸಿತ್ತು. ನೌಕರರ ಪರಿಹಾರ ಕಾಯ್ದೆಯ ಅನುಸೂಚಿಯಲ್ಲೂ ಅದಿತ್ತು. ಕೃಷಿಕ ಯಾರ ನೌಕರನೂ ಅಲ್ಲ.

ಹೋಗಲಿ, ಅಂಗವೈಕಲ್ಯವೆಂದಾದರೂ ಗುರುತಿಸಿಕೊಳ್ಳಬಹುದೇ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ, ಮಾತಿನ ಆವರ್ತನಗಳಲ್ಲಿ ಎರಡೂ ಕಿವಿಗಳಿಗೆ 60 ಡೆಸಿಬೆಲ್ ನಷ್ಟವಾದಾಗ ಮಾತ್ರ ಒಬ್ಬನನ್ನು ಮಂದಶ್ರವಣದವನೆನ್ನುತ್ತಾರೆ, 70 ದಾಟಿದರೆ ಕಿವುಡನೆನ್ನುತ್ತಾರೆ. ಕೋವಿಯವನ ನಷ್ಟ ಸಾಮಾನ್ಯವಾಗಿ ಒಂದು ಕಿವಿಯಲ್ಲಿ ಹೆಚ್ಚು, ಮೇಲಿನ ಆವರ್ತನಗಳಲ್ಲಿ ಮೊದಲು. ಅಂದರೆ ಕಾಯ್ದೆಯ ಎರಡು ಅಳತೆಗೋಲುಗಳ ನಡುವಿನಿಂದ ಅದು ನುಣುಚಿಕೊಳ್ಳುತ್ತದೆ. ಬದುಕಿನ ಬಹುಭಾಗವನ್ನು ಸರ್ಕಾರಿ ಕಡತಗಳ ನಡುವೆ ಕಳೆದಿರುವ ನಾನು ಒಂದು ಮಾತನ್ನು ಖಚಿತವಾಗಿ ಹೇಳಬಲ್ಲೆ: ನಮೂನೆಯಲ್ಲಿ ಕಾಲಂ ಇಲ್ಲದ ನೋವು ಸರ್ಕಾರದ ಪಾಲಿಗೆ ಸಂಭವಿಸಿರುವುದೇ ಇಲ್ಲ.

ಕಿವಿಗೆ ರಕ್ಷೆ ಹಾಕಿಕೊಂಡರೆ ಹಂದಿ ಬರುವುದು ಕೇಳಿಸುವುದು ಹೇಗೆ ಎಂಬ ಆಕ್ಷೇಪ ಬಂದೇ ಬರುತ್ತದೆ. ನಾನು ಮಾತಾಡಿಸಿದ ಕೋವಿಯವರೆಲ್ಲ ಮೊದಲು ಎತ್ತಿದ್ದು ಇದನ್ನೇ, ಅದು ನ್ಯಾಯವಾದ ಪ್ರಶ್ನೆಯೂ ಹೌದು. ಕತ್ತಲಲ್ಲಿ ಕಾಯುವವನಿಗೆ ತರಗೆಲೆಯ ಸರಸರವೇ ಕಣ್ಣು. ಆದರೆ ಆ ಸರಸರವೂ ಮೇಲ್ಸ್ಥಾಯಿಯ ಸದ್ದೇ. ರಕ್ಷೆಯಿಲ್ಲದೆ ಹತ್ತು ವರ್ಷ ಗುಂಡು ಹೊಡೆದವನಿಗೆ ಅದು ತಾನಾಗಿಯೇ ಕೇಳಿಸದಾಗುತ್ತದೆ. ಒಂದು ಕಿವಿ ಕುಗ್ಗಿದವನಿಗೆ ಸದ್ದು ಯಾವ ದಿಕ್ಕಿನಿಂದ ಬಂತೆಂಬುದೂ ತಿಳಿಯದಾಗುತ್ತದೆ. ಹಂದಿಯೆಂದು ಭ್ರಮಿಸಿ ಮನುಷ್ಯನಿಗೆ ಗುಂಡು ಹಾರಿಸಿದ ಸುದ್ದಿಗಳನ್ನು ಮಲೆನಾಡಿನಿಂದಲೂ ಕೇರಳದಿಂದಲೂ ಓದುತ್ತಲೇ ಇರುತ್ತೇವೆ. ಅಲ್ಲೆಲ್ಲ ಕಿವಿಯೇ ಕಾರಣವೆಂದು ನಾನು ಹೇಳಲಾರೆ. ಆದರೂ ಕತ್ತಲಲ್ಲಿ ದಿಕ್ಕು ತಿಳಿಯದ ಕಿವಿಯೂ ತುಂಬಿದ ಕೋವಿಯೂ ಒಂದೇ ಕಡೆ ಇರುವುದು ಯಾರಿಗೂ ಕ್ಷೇಮವಲ್ಲ.

ಆ ಪ್ರಶ್ನೆಗೆ ತಂತ್ರಜ್ಞಾನ ಎಂದೋ ಉತ್ತರ ಕೊಟ್ಟಿದೆ. ಬ್ಯಾಟರಿಯಿಂದ ನಡೆಯುವ ಇಯರ್‌ಮಫ್ ಸಣ್ಣ ಸದ್ದುಗಳನ್ನು ಹಿಗ್ಗಿಸಿ ಒಳಗೆ ಬಿಡುತ್ತದೆ, ಗುಂಡು ಸಿಡಿದ ಕ್ಷಣದಲ್ಲಿ ಹಿಗ್ಗಿಸುವುದನ್ನು ನಿಲ್ಲಿಸಿಬಿಡುತ್ತದೆ; ಆ ಹೊತ್ತಿಗೆ ಅದು ಬರಿಯ ಗಟ್ಟಿ ಮುಚ್ಚಳ. ಬೆಲೆ ಕೆಲವು ಸಾವಿರ ರೂಪಾಯಿ. ಅಷ್ಟು ಕೊಡಲಾಗದವರಿಗೆ ಸಣ್ಣ ರಂಧ್ರದ ಇಯರ್‌ಪ್ಲಗ್ ಇದೆ, ಅದು ಮೆಲುದನಿಗೆ ದಾರಿ ಬಿಟ್ಟು ಸ್ಫೋಟವನ್ನು ಬಹುಮಟ್ಟಿಗೆ ತಡೆಯುತ್ತದೆ. ಏನೂ ಇಲ್ಲವೆಂದರೆ ಸ್ಪಂಜಿನ ಪ್ಲಗ್, ಒಂದು ತೋಟಾದ ಬೆಲೆಗಿಂತ ಅಗ್ಗ. ಅದನ್ನು ಬೆರಳುಗಳ ನಡುವೆ ತೆಳ್ಳಗೆ ಹೊಸೆದು, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ತೂರಿಸಿ, ಅದು ಹಿಗ್ಗುವವರೆಗೆ ಒತ್ತಿ ಹಿಡಿಯಬೇಕು. ಸುಮ್ಮನೆ ಬಾಯಿಗಿಟ್ಟ ಬಿರಡೆಯಂತೆ ಸಿಕ್ಕಿಸಿದರೆ ಅರ್ಧ ಪ್ರಯೋಜನವೂ ಇಲ್ಲ. ಹತ್ತಿಯಿಂದಂತೂ ಏನೇನೂ ಇಲ್ಲ. ಕೋವಿ ಬಳಸುವವರು ಪ್ಲಗ್ಗು, ಮಫ್ಫು ಎರಡನ್ನೂ ಒಟ್ಟಿಗೆ ಧರಿಸಬೇಕೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಸಲಹೆ ಮಾಡುತ್ತದೆ.

ಸೌರಬೇಲಿ, ಕಂದಕಗಳ ವಿಚಾರಕ್ಕೆ ಇಲ್ಲಿ ಹೋಗುವುದಿಲ್ಲ. ಅವು ಕೋವಿಗಿಂತ ಮೇಲೆಂದೇ ನನ್ನ ನಂಬಿಕೆ, ಆದರೆ ಅವು ಬರುವವರೆಗೆ ಹೊಲದಲ್ಲಿ ಕೋವಿ ಇದ್ದೇ ಇರುತ್ತದೆ.

ಅನುಮತಿ ಪತ್ರಕ್ಕೆ ಎರಡು ಸಾಲು ಸೇರಿಸುವುದು ಪಂಚಾಯತಿಗೆ ಕಷ್ಟವಲ್ಲ. ಹೊಡೆಯುವವನಿಗೂ ಜೊತೆಗಿರುವವನಿಗೂ ಕಿವಿರಕ್ಷೆ ಕಡ್ಡಾಯ. ಪಟ್ಟಿಯಲ್ಲಿರುವ ಕೋವಿಯವರಿಗೆ ವರ್ಷಕ್ಕೊಮ್ಮೆ ಶ್ರವಣಪರೀಕ್ಷೆ. ಪರೀಕ್ಷೆಗೆ ಹೊಸ ವ್ಯವಸ್ಥೆ ಬೇಕಿಲ್ಲ. 2007ರಲ್ಲಿ ಆರಂಭವಾದ ರಾಷ್ಟ್ರೀಯ ಕಿವುಡುತನ ನಿಯಂತ್ರಣ ಕಾರ್ಯಕ್ರಮವಿದೆ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿದೆ, ಕೊಡಗಿಗಾಗಲಿ ಕಾಸರಗೋಡಿಗಾಗಲಿ ದೂರದ ಊರಲ್ಲ. ಈಡಿನ ನಂತರ ಕಿವಿಯ ಮೊರೆತ ಒಂದು ದಿನ ಕಳೆದರೂ ನಿಲ್ಲದಿದ್ದರೆ ಮನೆಮದ್ದಿನ ಎಣ್ಣೆ ಬಿಡದೆ ಕೂಡಲೇ ತಜ್ಞವೈದ್ಯರಲ್ಲಿಗೆ ಹೋಗಬೇಕು, ಏಕೆಂದರೆ ಚಿಕಿತ್ಸೆಗೆ ಏನಾದರೂ ಅವಕಾಶವಿದ್ದರೆ ಅದು ಮೊದಲ ಕೆಲವು ದಿನಗಳಲ್ಲಿ ಮಾತ್ರ.

ಹೊರನಾಡಿನ ಓದುಗರು ಮುಂದಿನ ರಜೆಗೆ ಊರಿಗೆ ಹೋದಾಗ, ಮನೆಯಲ್ಲಿ ಕೋವಿಯಿದ್ದರೆ, ಹಿರಿಯರಿಗೆ ಫೋನನ್ನು ಎಡಗಿವಿಗೆ ಹಿಡಿದು ಮಾತಾಡಲು ಹೇಳಿ ನೋಡಬಹುದು. ಆಮೇಲೆ ಮಕ್ಕಳಲ್ಲೊಬ್ಬರನ್ನು ಅವರ ಬೆನ್ನ ಹಿಂದೆ ನಿಲ್ಲಿಸಿ, ಮೆಲ್ಲನೆ ಒಂದು ಪ್ರಶ್ನೆ ಕೇಳಿಸಬಹುದು.