ಹಂಪಿ ಬಜಾರ್: ಮಂಟಪ ಉಳೀತು, ಅಂಗಡಿ ಎಲ್ಲಿಗೆ?

ತುಂಗಭದ್ರೆ ದಂಡೆಯ ಹಂಪಿಯಲ್ಲಿ ವಿರೂಪಾಕ್ಷ ಗುಡಿ ಮುಂದಿನ ತೇರು ಬೀದಿ ವಿಜಯನಗರ ಕಾಲದಿಂದಲೂ ಬಜಾರ್. ಎರಡೂ ಬದಿಯ ಸಾಲು ಮಂಟಪಗಳೇ ಸಾಕ್ಷಿ. 1565ರ ಯುದ್ಧದ ನಂತರ ರಾಜಧಾನಿ ಹಾಳಾಯ್ತು. ಮುಂದೆ ಅದೇ ಮಂಟಪಗಳಲ್ಲಿ ಜನ ಮನೆ, ಹೋಟೆಲ್, ಅಂಗಡಿ ಮಾಡಿಕೊಂಡರು.

1986ರಲ್ಲಿ ಹಂಪಿ ವಿಶ್ವ ಪರಂಪರೆ ಪಟ್ಟಿ ಸೇರಿತು. 2011ರ ಜುಲೈನಲ್ಲಿ ಆಡಳಿತ ಬಜಾರಿನ ಅಂಗಡಿ, ಮನೆ ತೆರವು ಮಾಡಿತು. ಸ್ಮಾರಕಕ್ಕೆ ಧಕ್ಕೆ ಅನ್ನೋದು ಒಂದು ಕಡೆಯ ಮಾತು, ಹೊಟ್ಟೆಪಾಡು ಹೋಯ್ತು ಅನ್ನೋದು ಇನ್ನೊಂದು ಕಡೆಯದು. ಎರಡೂ ಸುಳ್ಳಲ್ಲ.

ಪುನರ್ವಸತಿಗೆ ತೋರಿಸಿದ್ದು ಕಡ್ಡಿರಾಂಪುರ. ಅಲ್ಲಿ ಮನೆ ಕಟ್ಟಬಹುದು. ಗಿರಾಕಿ ಮಾತ್ರ ಗುಡಿ ಹತ್ತಿರವೇ ಇರ್ತಾನೆ. ತೆರವಿಗೆ ಮುಂಚೆಯೇ ವ್ಯಾಪಾರ ನಡೆಯೋ ಜಾಗ ಗುರುತಿಸಿದ್ದರೆ ಜಗಳ ಅರ್ಧ ಕಮ್ಮಿಯಾಗ್ತಿತ್ತು. ಹಳೇ ಪೇಟೆ ತೆರವಿನ ಮಾತು ಬಂದಲ್ಲೆಲ್ಲ ಮೊದಲು ಕೇಳಬೇಕಾದ ಪ್ರಶ್ನೆ ಇದೇ.